ಕುಂಟುವ ಕುದುರೆ, ಹೊಸ ಬೂಟು

ಮೇ ತಿಂಗಳ ಕೊನೆಯ ಸೋಮವಾರದ ರಜೆಗೆ ಇನ್ನೂ ಒಂದು ವಾರ ಇರುವಾಗಲೇ ನಾವು ನಾಲ್ವರು ತೀರ್ಮಾನ ಮಾಡಿಬಿಟ್ಟಿದ್ದೆವು: ಶನಿವಾರ ಕುದುರೆ ರೇಸು, ಭಾನುವಾರ ಬೆಟ್ಟ, ಸೋಮವಾರ ನಿದ್ದೆ. ಎರಡು ಸಾವಿರದ ಇಸವಿ ಹುಟ್ಟುತ್ತಲೇ ಪ್ರಪಂಚದ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂಬ ಭಯ ಅಮೆರಿಕವನ್ನು ಹಿಡಿದಿದ್ದ ಕಾಲ ಅದು. ಆ ಭಯವೇ ನಮ್ಮ ಅನ್ನವಾಗಿತ್ತು. ನ್ಯೂಜೆರ್ಸಿಯ ಪಿಸ್ಕಾಟವೇ ಊರಿನ ಒಂದು ಆಫೀಸಿನಲ್ಲಿ ನಾನು ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ಬಿಚ್ಚಿ, ಇಸವಿಗೆ ಎರಡೇ ಅಂಕಿಯ ಜಾಗ ಬಿಟ್ಟಿದ್ದ ಕಡೆಯೆಲ್ಲ ನಾಲ್ಕು ಅಂಕಿ ಕೂರಿಸುತ್ತಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ಮೈಸೂರಿನಿಂದ ಬಂದು ಒಂದು ವರ್ಷ ದಾಟಿತ್ತು. ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬುದು ನನಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಹಾಗಾಗಿ ಆ ದಿನಗಳಲ್ಲಿ ನಾನು ಸ್ವಲ್ಪ ತಲೆ ಎತ್ತಿಕೊಂಡೇ ಓಡಾಡುತ್ತಿದ್ದೆ.

ನನ್ನ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದವಳು ಮಂಗಳೂರಿನವಳು, ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಿದ್ದಳು. ಉಳಿದಿಬ್ಬರು ನನ್ನ ಆಫೀಸಿನವರೇ. ಒಬ್ಬ ಹುಬ್ಬಳ್ಳಿಯವನು, ನಮ್ಮ ನಾಲ್ವರಲ್ಲಿ ಕಾರು ಇದ್ದದ್ದು ಅವನೊಬ್ಬನಿಗೇ. ಹತ್ತು ವರ್ಷ ಹಳೆಯದಾದ ಆ ಕಾರಿನ ಹಿಂದಿನ ಒಂದು ಕಿಟಕಿ ಇಳಿಯುತ್ತಿರಲಿಲ್ಲ. ಇನ್ನೊಬ್ಬ ಬೆಂಗಳೂರಿನ ಜಯನಗರದವನು. ಅವನಿಗೆ ಯಾವುದನ್ನು ಕೊಟ್ಟರೂ ಸ್ಪ್ರೆಡ್‌ಶೀಟ್‌ಗೆ ಹಾಕಿ ನೋಡುವ ಚಟ. ಯಾವ ಲಾಂಡ್ರಿ ಮೆಷಿನ್ನಿನಲ್ಲಿ ಬಟ್ಟೆ ಬೇಗ ಒಣಗುತ್ತದೆ ಎಂಬುದಕ್ಕೂ ಅವನ ಬಳಿ ಒಂದು ಚಾರ್ಟ್ ಇತ್ತು. ರೇಸಿಗೆ ಹೋಗೋಣ ಎಂದದ್ದು ಅವನೇ. ಎರಡು ವಾರ ರೇಸಿನ ಪೇಪರು ತಂದು, ಯಾವ ಕುದುರೆ ಎಲ್ಲಿ ಎಷ್ಟು ಹೊತ್ತಿನಲ್ಲಿ ಓಡಿತು ಎಂಬುದನ್ನೆಲ್ಲ ಟೈಪ್ ಮಾಡಿ ಒಂದು ಲೆಕ್ಕಾಚಾರ ಕಟ್ಟಿದ್ದ.

"ಹಾರ್ಸ್ ರೇಸಿಂಗ್ ಅಂದ್ರೆ ಜೂಜು ಅನ್ಕೊಂಡಿದ್ದೀರಲ್ಲ, ಅದೇ ತಪ್ಪು," ಎಂದು ಅವನು ಆಫೀಸಿನ ಕ್ಯಾಂಟೀನಿನಲ್ಲಿ ನಮಗೆ ಪಾಠ ಹೇಳಿದ. "ಇಟ್ ಈಸ್ ಆಲ್ ಡೇಟಾ. ನಿಮ್ಮಲ್ಲಿ ಯಾರಾದ್ರೂ ರೇಸ್‌ಕೋರ್ಸ್ ಒಳಗೆ ಕಾಲಿಟ್ಟಿದ್ದೀರಾ?"

ಹುಬ್ಬಳ್ಳಿಯವನು ಇಲ್ಲ ಎಂದ. ಮಂಗಳೂರಿನವಳು ಇಲ್ಲ ಎಂದಳು. ನಾನು, "ಮೈಸೂರಲ್ಲಿ ಒಂದೆರಡು ಸಲ ಹೋಗಿದ್ದೆ. ನಮ್ಮಪ್ಪ ರೇಸ್ ಕ್ಲಬ್‌ನಲ್ಲಿದ್ದಾರೆ," ಎಂದೆ.

"ಓ! ಆಫೀಸರ್ರಾ?"

"ಸರ್ವಿಸ್‌ನಲ್ಲಿದ್ದಾರೆ," ಎಂದು ಹೇಳಿ ಮೊಸರನ್ನ ಕಲಸಿಕೊಂಡೆ.

ಅದು ಸುಳ್ಳಲ್ಲ. ಆದರೆ ಒಂದೆರಡು ಸಲ ಎಂದದ್ದು ಶುದ್ಧ ಸುಳ್ಳು. ನಮ್ಮ ಮನೆ ಇದ್ದದ್ದು ಇಟ್ಟಿಗೆಗೂಡಿನಲ್ಲಿ. ಸ್ಕೂಲಿಗೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಏಳೂವರೆಗೆ ಅಪ್ಪನ ತಿಂಡಿ ಡಬ್ಬಿ ಹಿಡಿದು ರೇಸ್‌ಕೋರ್ಸಿನ ಲಾಯಕ್ಕೆ ಹೋಗುವುದು ನನ್ನ ಕೆಲಸವಾಗಿತ್ತು. ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ಲಾಯದವರು ಅವರನ್ನು ನಾಲ್ಬಂದ್ ಎಂದು ಕರೆಯುತ್ತಿದ್ದರು. ತೊಡೆಗೆ ಚರ್ಮದ ಹೊದಿಕೆ ಕಟ್ಟಿ, ಕುದುರೆಯ ಕಾಲನ್ನು ಮಡಿಲಿಗೆ ಎತ್ತಿಕೊಂಡು, ಗೊರಸು ಕೆರೆದು, ಅರದಿಂದ ಉಜ್ಜಿ, ಲಾಳ ಕೂರಿಸಿ ಮೊಳೆ ಹೊಡೆಯುವುದನ್ನು ನಾನು ಇಡ್ಲಿ ಬೇಯುವುದನ್ನು ನೋಡಿದಷ್ಟೇ ಸಲ ನೋಡಿದ್ದೆ. ಎಂಜಿನಿಯರಿಂಗ್ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗ ಬಂದಾಗ ನಾನು ಪೆನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆ. ಅಪ್ಪನೇ, "ಸರ್ವಿಸ್ ಅಂತ ಬರಿ. ಅದಕ್ಕಿಂತ ಜಾಸ್ತಿ ಯಾರೂ ಕೇಳಲ್ಲ," ಎಂದರು. ನಾನು ಬರೆದೆ. ಬೇಡ, ಇದ್ದದ್ದನ್ನೇ ಬರೀತೀನಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಶನಿವಾರ ಹತ್ತು ಗಂಟೆಗೆ ಹೊರಟೆವು. ರಜೆಯ ಮೊದಲ ದಿನ, ಇಡೀ ನ್ಯೂಜೆರ್ಸಿಯೇ ಕಡಲಿಗೆ ಹೊರಟಂತಿತ್ತು. ರಾರಿಟನ್ ನದಿಯ ಸೇತುವೆಯ ಮೇಲೆ ಮುಕ್ಕಾಲು ಗಂಟೆ ನಿಂತೇ ಇದ್ದೆವು. ಹಿಂದಿನ ಸೀಟಿನಲ್ಲಿ ಇಳಿಯದ ಕಿಟಕಿಯ ಪಕ್ಕ ಕುಳಿತಿದ್ದ ಮಂಗಳೂರಿನವಳು, "ಎಂತ ಮಾರಾಯ್ರೇ ಇದು, ನಮ್ಮ ಕಡೆ ಬಸ್ಸಲ್ಲಿ ನಿಂತು ಹೋದ್ರೂ ಇಷ್ಟು ಸೆಕೆ ಇಲ್ಲ," ಎಂದು ಪೇಪರಿನಿಂದ ಗಾಳಿ ಹಾಕಿಕೊಂಡಳು. ಅದು ಬೆಂಗಳೂರಿನವನ ರೇಸಿನ ಪೇಪರು. ಅವನು ಅದನ್ನು ಕಿತ್ತುಕೊಂಡು ಮಡಿಸಿ ಜೇಬಿಗಿಟ್ಟುಕೊಂಡ.

ರೇಸ್‌ಕೋರ್ಸಿನ ಗೇಟು ದಾಟಿದ ಕೂಡಲೇ ನನ್ನ ಮೂಗಿಗೆ ಬಡಿದದ್ದು ಆ ವಾಸನೆ: ಒಣಹುಲ್ಲು, ಬೆವರು, ಲದ್ದಿ, ಎಣ್ಣೆ ಹಚ್ಚಿದ ಚರ್ಮ. ಹದಿಮೂರು ಸಾವಿರ ಕಿಲೋಮೀಟರು ದೂರ ಬಂದರೂ ಕುದುರೆಯ ವಾಸನೆಯಲ್ಲಿ ಒಂದು ಎಳೆ ವ್ಯತ್ಯಾಸ ಇರಲಿಲ್ಲ. ಮಂಗಳೂರಿನವಳು ಮೂಗು ಮುಚ್ಚಿಕೊಂಡಳು. ನಾನು ಉಸಿರು ತುಂಬ ಎಳೆದುಕೊಂಡೆ.

ಮೊದಲ ನಾಲ್ಕು ಓಟಗಳಲ್ಲಿ ಬೆಂಗಳೂರಿನವನ ಲೆಕ್ಕಾಚಾರ ಒಮ್ಮೆ ಗೆದ್ದಿತು, ಮೂರು ಸಲ ಸೋತಿತು. ಅದಕ್ಕೂ ಅವನ ಬಳಿ ಕಾರಣವಿತ್ತು. ಐದನೇ ಓಟವೇ ತನ್ನ ಓಟ ಎಂದ. ನಾಲ್ಕನೇ ನಂಬರಿನ ಕುದುರೆ, ಹೊಳೆಯುವ ಕೆಂಚು ಬಣ್ಣದ್ದು, ಎಲ್ಲರೂ ಅದರ ಮೇಲೆಯೇ ಹಣ ಹಾಕುತ್ತಿದ್ದರು. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಕಟಾಂಜನದ ಅಂಗಳದ ಬಳಿ ನಾವು ನಿಂತೆವು.

"ನೋಡ್ರಿ, ಮೈ ಹೆಂಗ ಮಿಂಚಾಕತ್ತೈತಿ! ಎಣ್ಣಿ ಹಚ್ಚಿದಂಗ," ಎಂದ ಹುಬ್ಬಳ್ಳಿಯವನು.

ನಾನು ಮೈ ನೋಡುತ್ತಿರಲಿಲ್ಲ. ಕುದುರೆ ತಿರುವಿನಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತಿತ್ತು. ಎಡಗಡೆಗೆ ತಿರುಗುವಾಗ ಮಾತ್ರ. ಒಮ್ಮೆ ನೋಡಿದಾಗ ಅನುಮಾನ ಬಂತು. ಎರಡನೇ ಸುತ್ತಿಗೂ ಹಾಗೆಯೇ ಮಾಡಿತು. ಆಮೇಲೆ ಸವಾರರು ಹತ್ತಿ, ಕುದುರೆಗಳು ಮಣ್ಣಿನ ಟ್ರ್ಯಾಕಿಗೆ ಇಳಿದು ಸಣ್ಣ ಓಟದಲ್ಲಿ ನಮ್ಮ ಮುಂದೆ ಹಾದುಹೋದಾಗ ನಾನು ಅದರ ತಲೆಯನ್ನೇ ನೋಡಿದೆ. ನಾನು ಏಳೆಂಟು ವರ್ಷದವಳಿದ್ದಾಗ ಅಪ್ಪ ಹೇಳಿಕೊಟ್ಟಿದ್ದರು: "ಕಾಲು ನೋಡಬೇಡ ಮಗಾ, ಕಾಲು ನಾಲ್ಕು ಇರ್ತಾವೆ, ಗೊತ್ತಾಗಲ್ಲ. ತಲೆ ಒಂದೇ ಇರೋದು, ಅದನ್ನ ನೋಡು. ನೋವಿರೋ ಮುಂಗಾಲು ನೆಲಕ್ಕೆ ಬಿದ್ದಾಗ ತಲೆ ಮೇಲಕ್ಕೆತ್ತುತ್ತೆ." ಕೆಂಚು ಕುದುರೆಯ ಎಡ ಮುಂಗಾಲು ನೆಲ ಮುಟ್ಟಿದಾಗಲೆಲ್ಲ ತಲೆ ಒಂದು ಬೆರಳಿನಷ್ಟು ಮೇಲೇಳುತ್ತಿತ್ತು.

"ಅದು ಓಡಲ್ಲ," ಎಂದೆ.

"ಯಾವುದು?" ಬೆಂಗಳೂರಿನವನು ಆಗಷ್ಟೇ ನಾಲ್ವರ ಪಾಲಿನ ಟಿಕೆಟ್ಟು ತೆಗೆದುಕೊಂಡು ಬಂದಿದ್ದ.

"ನಾಲ್ಕನೇದು. ಎಡ ಮುಂಗಾಲು ನೋಯ್ತಾ ಇದೆ ಅದಕ್ಕೆ."

"ಏನ್ರೀ, ಕಳೆದ ಐದು ರೇಸಲ್ಲಿ ನಾಲ್ಕು ಗೆದ್ದಿದೆ. ಇಷ್ಟೆಲ್ಲ ಜನ ಹುಚ್ಚರಾ?"

"ಅವರೆಲ್ಲ ಪೇಪರ್ ನೋಡ್ತಿದ್ದಾರೆ. ನಾನು ಕುದುರೆ ನೋಡ್ತಿದ್ದೀನಿ."

ಹೀಗೆ ಹೇಳಿದ ಮೇಲೆ ನನಗೆ ಒಂದಿಷ್ಟೂ ಅಳುಕಾಗಲಿಲ್ಲ. ಕೋಡ್‌ನಲ್ಲಿ ತಪ್ಪು ಹುಡುಕಿ ತೋರಿಸುವಾಗಲೂ ಅಷ್ಟು ಖಚಿತವಾಗಿ ನಾನು ಮಾತಾಡಿದವಳಲ್ಲ. ಕುದುರೆಗಳು ಓಟ ಶುರುವಾಗುವ ದೂರದ ಗೇಟಿನ ಹಿಂದೆ ಸೇರಿದವು. ಅಲ್ಲಿ ನಿಂತಿದ್ದ ಹಸಿರು ಟೋಪಿಯ ಪಶುವೈದ್ಯರು ನಾಲ್ಕನೇ ಕುದುರೆಯನ್ನು ಪಕ್ಕಕ್ಕೆ ಕರೆಸಿ, ಸವಾರನನ್ನು ಇಳಿಸಿ, ಕುದುರೆಯನ್ನು ಹತ್ತು ಹೆಜ್ಜೆ ಓಡಿಸಿ ನೋಡಿದರು. ಧ್ವನಿವರ್ಧಕದಲ್ಲಿ ಘೋಷಣೆ ಬಂತು: ನಾಲ್ಕನೇ ನಂಬರು ಓಟದಲ್ಲಿಲ್ಲ, ಟಿಕೆಟ್ಟಿನ ಹಣ ವಾಪಸ್ಸು. ಗ್ಯಾಲರಿಯ ತುಂಬ ಗೊಣಗಾಟ ಎದ್ದಿತು. ನನ್ನ ಸ್ನೇಹಿತರು ಮೂವರೂ ತಿರುಗಿ ನನ್ನನ್ನು ನೋಡಿದರು.

"ನಿನಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?" ಎಂದಳು ಮಂಗಳೂರಿನವಳು.

"ಚಿಕ್ಕವಳಿದ್ದಾಗ ನೋಡಿದ್ದೆ," ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಎದೆ ಮಾತ್ರ ಉಬ್ಬಿತ್ತು.

ನಮ್ಮ ಪಕ್ಕದಲ್ಲಿ ಬಾಯಲ್ಲಿ ಹೊತ್ತಿಸದ ಚುಟ್ಟಾ ಕಚ್ಚಿಕೊಂಡಿದ್ದ ಒಬ್ಬ ಮುದುಕ ಇದನ್ನೆಲ್ಲ ಗಮನಿಸುತ್ತಿದ್ದ. ನಮ್ಮ ಮಾತು ಅವನಿಗೆ ತಿಳಿಯದಿದ್ದರೂ ನಾನು ಬೆರಳು ತೋರಿಸಿ ಹೇಳಿದ್ದು ನಿಜವಾದದ್ದು ಅವನಿಗೆ ಅರ್ಥವಾಗಿತ್ತು. ಮುಂದಿನ ಓಟಕ್ಕೆ ಯಾವುದು ಗೆಲ್ಲುತ್ತದೆ ಎಂದು ಬಹಳ ಮರ್ಯಾದೆಯಿಂದ ಕೇಳಿದ. ನಾನು ಅದೇ ಗತ್ತಿನಲ್ಲಿ ಒಂದು ಬೂದು ಕುದುರೆಯನ್ನು ತೋರಿಸಿದೆ. ನಡಿಗೆ ಚಂದವಿತ್ತು, ಗೊರಸು ಗಟ್ಟಿಯಾಗಿತ್ತು, ಲಾಳ ಕೂಡಾ ಅಪ್ಪ ಮೆಚ್ಚುವಂತೆ ಕೂತಿತ್ತು. ಒಂಬತ್ತು ಕುದುರೆಗಳಲ್ಲಿ ಅದು ಎಂಟನೆಯದಾಗಿ ಬಂತು. ಮುದುಕ ನನ್ನ ಮುಖ ನೋಡದೆ ಎದ್ದು ಬೇರೆ ಸಾಲಿಗೆ ಹೋದ. ಬೆಂಗಳೂರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸೋಲುವ ಕುದುರೆ ಗೊತ್ತಾಗುತ್ತದೆ, ಗೆಲ್ಲುವ ಕುದುರೆ ದೇವರಿಗೂ ಗೊತ್ತಾಗಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗಿ ನಾನೂ ನಕ್ಕೆ.

ಭಾನುವಾರ ಬೆಟ್ಟ. ಡೆಲವೇರ್ ನದಿ ಎರಡು ಬೆಟ್ಟಗಳ ನಡುವೆ ದಾರಿ ಕೊರೆದುಕೊಂಡು ಹೋಗುವ ಜಾಗಕ್ಕೆ ಒಂದೂವರೆ ಗಂಟೆಯ ಡ್ರೈವ್. ಮಂಗಳೂರಿನವಳು ಬೆಳಿಗ್ಗೆ ಐದಕ್ಕೆ ಎದ್ದು ನಿಂಬೆಹಣ್ಣಿನ ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬಿದ್ದಳು. ಬೆಂಗಳೂರಿನವನು ಸೇಲಿನಲ್ಲಿ ಕೊಂಡ ಹೊಸ ಬೂಟು ಹಾಕಿಕೊಂಡು ಬಂದಿದ್ದ. ಕಾಲಗಂಟು ಮುಚ್ಚುವಷ್ಟು ಎತ್ತರ, ದಪ್ಪ ಅಟ್ಟೆ, ಕೆಂಪು ಲೇಸು. ನಮ್ಮ ಮೂವರದೂ ದಿನಾ ಹಾಕುವ ಸ್ನೀಕರುಗಳೇ. "ಪ್ರಾಪರ್ ಗೇರ್ ಇಲ್ದೆ ಬೆಟ್ಟ ಹತ್ತಬಾರದು," ಎಂದು ಅವನು ನಮ್ಮ ಕಾಲುಗಳ ಕಡೆ ನೋಡಿ ತಲೆಯಾಡಿಸಿದ.

ಮರಗಳ ಮೇಲೆ ಕೆಂಪು ಚುಕ್ಕಿ ಬಳಿದಿದ್ದ ದಾರಿ ನೇರ ಏರು. ಮಣ್ಣಿಗಿಂತ ಕಲ್ಲೇ ಹೆಚ್ಚು, ಕೆಲವು ಕಡೆ ಕೈಯೂರಿ ಹತ್ತಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದ್ದ ಗರ್ವದಲ್ಲಿ ನಾನು ಮುಂದೆ ಹೊರಟೆ. ಅರ್ಧ ದಾರಿಯಲ್ಲಿ ಬಾಯಾರಿ ನಿಂತು ನೀರು ಕುಡಿಯುವಾಗ ಹಿಂದಿನಿಂದ ಬರುವ ಹೆಜ್ಜೆಗಳ ಸದ್ದು ಕೇಳಿಸಿತು. ಎರಡು ಜೋಡಿ ಸರಿಯಾಗಿ ಬರುತ್ತಿದ್ದವು. ಮೂರನೆಯದು ಒಂದು ಉದ್ದ, ಒಂದು ಗಿಡ್ಡ. ಉದ್ದ, ಗಿಡ್ಡ.

ಬೆಂಗಳೂರಿನವನು ಕಾಣಿಸಿಕೊಂಡಾಗ, "ಕಾಲು ನೋಯ್ತಿದೆಯಾ?" ಎಂದು ಕೇಳಿದೆ.

"ಇಲ್ವಲ್ಲ. ಬೂಟು ಹೊಸದು, ಸೆಟ್ ಆಗ್ಬೇಕು ಅಷ್ಟೆ."

ಮುಖ ಮಾತ್ರ ಬೆಳ್ಳಗಾಗಿತ್ತು. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ತುದಿ ತಲುಪಿದಾಗ ಹನ್ನೊಂದೂವರೆ. ಕೆಳಗೆ ನದಿ ಬೆಳ್ಳಿಯ ಬಳೆಯ ಹಾಗೆ ಬಾಗಿಕೊಂಡು ಹರಿಯುತ್ತಿತ್ತು. ಆಚೆ ದಡದ ಬೆಟ್ಟ ಪೆನ್ಸಿಲ್ವೇನಿಯಾಕ್ಕೆ ಸೇರಿದ್ದು. ಹದ್ದುಗಳು ನಮಗಿಂತ ಕೆಳಗೆ ಸುತ್ತುತ್ತಿದ್ದವು. ಹದ್ದಿನ ಬೆನ್ನು ನೋಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬಂಡೆಯ ಮೇಲೆ ಕೂತು ಚಿತ್ರಾನ್ನ ಖಾಲಿ ಮಾಡಿದೆವು. ಹುಬ್ಬಳ್ಳಿಯವನು ಬ್ಯಾಗಿನಿಂದ ಶೇಂಗಾ ಚಟ್ನಿ ಪುಡಿ ತೆಗೆದು, "ಇದಿಲ್ದ ಊಟ ಊಟ ಏನ್ರಿ?" ಎಂದು ಎಲ್ಲರಿಗೂ ಹಾಕಿದ. ಬೆಂಗಳೂರಿನವನು ಸರಿಯಾಗಿ ತಿನ್ನಲಿಲ್ಲ. ಏಳುವಾಗ ಬಂಡೆ ಹಿಡಿದುಕೊಂಡು ಎದ್ದ.

ಇಳಿಯುವ ದಾರಿ ಬೇರೆ, ಹಿಂದಿನ ಕಡೆಯಿಂದ ತೊರೆಯ ಪಕ್ಕಕ್ಕೆ ಇಳಿಯುತ್ತದೆ. ಅಷ್ಟು ಕಡಿದಲ್ಲ, ಆದರೆ ಉದ್ದ. ಕಾಲು ಭಾಗ ಇಳಿದಿರಬೇಕು, ಅವನು ಒಂದು ಬಿದ್ದ ಮರದ ಮೇಲೆ ಕೂತುಬಿಟ್ಟ.

"ನೀವು ಹೋಗಿ. ನಾನು ನಿಧಾನಕ್ಕೆ ಬರ್ತೀನಿ."

"ಏ, ಬೇಕಾದ್ರ ನಾ ಹೊತ್ಕೊಂಡು ಹೋಗ್ತೀನಿ ತಗೋ," ಎಂದು ಹುಬ್ಬಳ್ಳಿಯವನು ನಿಜವಾಗಿಯೂ ಬೆನ್ನು ಬಗ್ಗಿಸಿದ. ಅವನ ಮೈಕಟ್ಟಿಗೆ ಅದು ಆಗದ ಮಾತೇನಲ್ಲ, ಆದರೆ ಆ ಕಲ್ಲುದಾರಿಯಲ್ಲಿ ಇಬ್ಬರೂ ಉರುಳುತ್ತಿದ್ದರು.

"ಯಾರೂ ಯಾರನ್ನೂ ಹೊರೋದು ಬೇಡ," ಎಂದೆ. "ಬೂಟು ಬಿಚ್ಚಿ."

"ಬೇಡ ರೀ, ಇಟ್ಸ್ ಓಕೆ..."

"ಬಿಚ್ಚಿ ಅಂದೆ."

ನಾನು ಅವನ ಮುಂದೆ ಕೂತು, ಕಾಲನ್ನು ಎತ್ತಿ ನನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡೆ. ಅವನು ಸಂಕೋಚದಿಂದ ಮುದುಡಿದ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಕಾಲ್ಚೀಲ ಹಿಮ್ಮಡಿಗೆ ಅಂಟಿಹೋಗಿತ್ತು. ನೀರು ಸುರಿದು ನೆನೆಸಿ ಬಿಡಿಸಿದರೆ, ಎಂಟಾಣೆಯಗಲ ಗುಳ್ಳೆ ಎದ್ದು ಒಡೆದು ಹಸಿಮಾಂಸ ಕಾಣುತ್ತಿತ್ತು. ಮಂಗಳೂರಿನವಳು ಅಯ್ಯೋ ದೇವರೇ ಎಂದು ಮುಖ ತಿರುಗಿಸಿಕೊಂಡಳು. ಬೂಟು ಅವನ ಅಳತೆಗಿಂತ ಅರ್ಧ ಸೈಜು ಚಿಕ್ಕದು. ಸೇಲಿನಲ್ಲಿ ಅದೊಂದೇ ಉಳಿದಿತ್ತಂತೆ.

ಬರೀ ಬ್ಯಾಂಡೇಜು ಅಂಟಿಸಿದರೆ ಹತ್ತು ಹೆಜ್ಜೆಗೆ ಕಿತ್ತುಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊರಸಿನ ಅಡಿಗೆ ಕಲ್ಲು ತಾಗಿ ಗಾಯವಾದಾಗ ಅಪ್ಪ ಚರ್ಮದ ತುಂಡನ್ನು ನಡುವೆ ತೂತು ಬರುವಂತೆ ಕತ್ತರಿಸಿ ಲಾಳದ ಕೆಳಗೆ ಇಡುತ್ತಿದ್ದರು. ನೋವಿರುವ ಜಾಗಕ್ಕೆ ಭಾರ ಬೀಳಬಾರದು, ಅದರ ಸುತ್ತ ಬೀಳಬೇಕು. ನನ್ನ ಒಂದು ಸ್ನೀಕರಿನ ಒಳಗಿನ ಮೆತ್ತೆಯನ್ನು ಎಳೆದು ತೆಗೆದೆ. ಹುಬ್ಬಳ್ಳಿಯವನ ಚಾಕು ಇಸಿದುಕೊಂಡು ಬಳೆಯಾಕಾರಕ್ಕೆ ಕತ್ತರಿಸಿದೆ. ಗಾಯ ತೊಳೆದು, ಮಂಗಳೂರಿನವಳ ಒಗೆದ ಕರ್ಚೀಫು ಸುತ್ತಿ, ಗಾಯ ನಡುವಿನ ತೂತಿಗೆ ಬರುವ ಹಾಗೆ ಆ ಬಳೆಯನ್ನು ಹಿಮ್ಮಡಿಗೆ ಕೂರಿಸಿ, ಅವನ ಬ್ಯಾಗಿನಲ್ಲೇ ಇದ್ದ ಟೇಪು ಹಾಕಿದೆ. ಆಮೇಲೆ ಅವನ ಬೂಟನ್ನು ಕೈಗೆತ್ತಿಕೊಂಡು ಹಿಂಭಾಗದ ಗಟ್ಟಿ ಅಂಚಿಗೆ ಚಾಕು ಇಟ್ಟೆ.

"ಅಯ್ಯೋ, ಹೊಸ ಬೂಟು ರೀ!"

"ಹೊಸ ಕಾಲು ಸಿಗಲ್ಲ," ಎಂದು ಎರಡು ಕಡೆ ಸೀಳಿ ಅಂಚನ್ನು ಹೊರಕ್ಕೆ ಮಡಿಸಿದೆ. ಬೂಟು ಹಾಕಿಸಿ, ಲೇಸನ್ನು ಕೆಳಗೆ ಸಡಿಲ, ಮೇಲೆ ಬಿಗಿ ಕಟ್ಟಿ, "ಈಗ ಹತ್ತು ಹೆಜ್ಜೆ ನಡೆದು ತೋರಿಸಿ," ಎಂದೆ.

ಅವನು ನಡೆದ. ಹೆಜ್ಜೆ ಇನ್ನೂ ಪೂರ್ತಿ ಸಮ ಇರಲಿಲ್ಲ, ಆದರೆ ಮುಖದ ಬಿಗಿತ ಇಳಿದಿತ್ತು. ತಿರುಗಿ ನಿಂತು, "ಎಷ್ಟೋ ವಾಸಿ. ಇದನ್ನೆಲ್ಲ ಎಲ್ಲಿ ಕಲಿತ್ರಿ? ನಿಮ್ಮ ತಂದೆ ರೇಸ್ ಕ್ಲಬ್‌ನಲ್ಲಿ ಡಾಕ್ಟರಾ?" ಎಂದು ಕೇಳಿದ.

ಹೌದು ಎನ್ನುವುದು ಸುಲಭವಿತ್ತು. ಇಲ್ಲ, ಸರ್ವಿಸ್ ಎನ್ನುವುದು ಇನ್ನೂ ಸುಲಭ. ನನ್ನ ಕೈ ಮೇಲೆ ಅವನ ಕಾಲಿನ ರಕ್ತ, ಬೂಟಿನ ಕಪ್ಪು ಪಾಲಿಶು ಅಂಟಿತ್ತು. ಅಪ್ಪನ ಕೈಯ ಕೆಲಸವನ್ನು ಮಾಡಿ ಮುಗಿಸಿ ಅದಕ್ಕೆ ಬೇರೆ ಹೆಸರು ಹೇಳಲು ನನಗೆ ಮನಸ್ಸು ಬರಲಿಲ್ಲ.

"ಡಾಕ್ಟರಲ್ಲ. ನಮ್ಮಪ್ಪ ಕುದುರೆಗೆ ಲಾಳ ಕಟ್ಟೋರು. ಮೂವತ್ತು ವರ್ಷದಿಂದ ಕಟ್ತಿದ್ದಾರೆ. ನಾನು ಅವರ ಪಕ್ಕದಲ್ಲಿ ಕೂತು ನೋಡಿ ಕಲಿತೆ. ರೇಸ್‌ಕೋರ್ಸಿಗೆ ಒಂದೆರಡು ಸಲ ಅಲ್ಲ, ದಿನಾ ಹೋಗ್ತಿದ್ದೆ."

ಬೆಂಗಳೂರಿನವನು ಬಗ್ಗಿ ತನ್ನ ಬೂಟನ್ನೊಮ್ಮೆ ನೋಡಿಕೊಂಡ. "ಅಂದ್ರೆ ಈಗ ನನಗೂ ಲಾಳ ಹೊಡೆದ್ರಿ ಅನ್ನಿ," ಎಂದ. ತಮಾಷೆಗೇ ಅಂದದ್ದು. ಆದರೂ ನನ್ನ ಕಿವಿ ಬಿಸಿಯಾಯಿತು. ಅವನಿಗೂ ಅದು ತಿಳಿದಿರಬೇಕು, ಕೂಡಲೇ ದನಿ ತಗ್ಗಿಸಿ, "ಸಾರಿ. ಹಾಗಲ್ಲ. ನಿನ್ನೆ ಯಾಕೆ ಹೇಳ್ಲಿಲ್ಲ? ನಾನು ಎರಡು ವಾರ ಟೈಪ್ ಮಾಡಿದ್ದೆಲ್ಲ ನೀವು ಎರಡು ನಿಮಿಷದಲ್ಲಿ ನೋಡಿದ್ರಿ," ಎಂದ.

"ಹೂಂ, ಹೊಡೆದೆ. ನಾಲ್ಕು ಕಾಲು ಇದ್ದಿದ್ರೆ ನಾಲ್ಕಕ್ಕೂ ಹೊಡೀತಿದ್ದೆ," ಎಂದೆ. ಮಂಗಳೂರಿನವಳು ಮೊದಲು ನಕ್ಕಳು, ಆಮೇಲೆ ಎಲ್ಲರೂ.

ಇಳಿಯುವ ದಾರಿಯುದ್ದಕ್ಕೂ ಹುಬ್ಬಳ್ಳಿಯವನು ನನ್ನನ್ನು ಬಿಡಲಿಲ್ಲ. ಅವನ ಅಜ್ಜನ ಎತ್ತುಗಳಿಗೆ ಲಾಳ ಹೊಡೆಯಲು ಬರುತ್ತಿದ್ದವರು ಎತ್ತನ್ನು ಹಗ್ಗ ಹಾಕಿ ಕೆಡವುತ್ತಿದ್ದರಂತೆ. "ಕುದರಿನೂ ಕೆಡವ್ತಾರೇನ್ರಿ? ನಿಂತಾಗ ಹೊಡದ್ರ ಒದಿಯಂಗಿಲ್ಲ? ಮೊಳಿ ಮಾಂಸಕ್ಕ ಚುಚ್ಚಂಗಿಲ್ಲ?" ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಮೊಳೆ ಗೊರಸಿನ ಯಾವ ಗೆರೆಯ ಹೊರಗಿರಬೇಕು, ಬಡಿಯುವಾಗ ಸದ್ದು ಹೇಗೆ ಬದಲಾಗುತ್ತದೆ, ಒದೆಯುವ ಕುದುರೆಯ ಕಿವಿ ಮೊದಲೇ ಹೇಗೆ ಹೇಳಿಬಿಡುತ್ತದೆ. ಒಂದು ಸ್ನೀಕರಿನಲ್ಲಿ ಮೆತ್ತೆಯಿಲ್ಲದೆ ನನ್ನ ಪಾದಕ್ಕೆ ಕಲ್ಲುಗಳು ಚುಚ್ಚುತ್ತಿದ್ದವು. ಮಾತಿನ ಭರದಲ್ಲಿ ಅದು ಕಾರಿನ ಬಳಿ ಬರುವವರೆಗೂ ನನ್ನ ಗಮನಕ್ಕೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಕಾಲಿಂಗ್ ಕಾರ್ಡಿನಿಂದ ಮನೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆ, ಅಪ್ಪ ಕೆಲಸ ಮುಗಿಸಿ ಬಂದಿದ್ದರು. ರೇಸಿಗೆ ಹೋದದ್ದು ಹೇಳಿದೆ. "ಟ್ರ್ಯಾಕು ಹುಲ್ಲಿಂದಾ, ಮಣ್ಣಿಂದಾ?" ಎಂದು ಕೇಳಿದರು. ಮಣ್ಣು ಎಂದೆ. ಅಲ್ಯೂಮಿನಿಯಂ ಲಾಳವೇ ಇರಬೇಕು ಎಂದರು. ಬೆಟ್ಟದ ಮೇಲಿನ ಕತೆಯನ್ನೂ ಹೇಳಿದೆ.

"ಸ್ನೇಹಿತರಿಗೆ ಹೇಳಿದೆ ಅಪ್ಪ. ನೀವು ಏನು ಕೆಲಸ ಮಾಡೋದು ಅಂತ."

ಅಪ್ಪ, "ಆ ಹುಡುಗನ ಕಾಲು ಹೇಗಿದೆ? ಕೀವು ಕಟ್ಟದ ಹಾಗೆ ನೋಡ್ಕೊಳೋಕೆ ಹೇಳು. ತೂತು ಗಾಯಕ್ಕಿಂತ ಒಂದು ನೂಲು ದೊಡ್ಡದು ಮಾಡಿದ್ಯಾ?" ಎಂದರು.

"ಮಾಡಿದೆ."

"ಹಾಂ, ಸರಿ," ಎಂದು ಫೋನನ್ನು ಅಮ್ಮನಿಗೆ ಕೊಟ್ಟರು. ಅಮ್ಮ ಏನು ಅಡುಗೆ ಮಾಡಿದೆ ಎಂದು ಕೇಳಿದಳು.

ಆ ಬೇಸಿಗೆಯಲ್ಲಿ ನಾವು ಇನ್ನೂ ಮೂರು ಬೆಟ್ಟ ಹತ್ತಿದೆವು. ಅದಕ್ಕೆ ಮುಂಚೆ ಒಂದು ಶನಿವಾರ ಬೆಂಗಳೂರಿನವನು ಹುಬ್ಬಳ್ಳಿಯವನ ಕಾರಿನಲ್ಲಿ ನನ್ನನ್ನು ವುಡ್‌ಬ್ರಿಡ್ಜ್‌ನ ಮಾಲಿನ ಬೂಟಿನ ಅಂಗಡಿಗೆ ಕರೆದುಕೊಂಡು ಹೋದ. ನಾನು ಬೆಂಚಿನ ಮೇಲೆ ಕೂತು, ಅವನನ್ನು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆಸಿ ನೋಡಿದೆ. ಎರಡು ಜೋಡಿ ಬೇಡ ಎಂದೆ. ಮೂರನೆಯದಕ್ಕೆ ಸರಿ ಎಂದೆ. ಬೆಲೆ ಕೇಳಿ ಅವನ ಮುಖ ಸಣ್ಣದಾಯಿತು, ಆದರೂ ಎದುರಾಡದೆ ಕೊಂಡುಕೊಂಡ.